ಜೀನ್ ಸರಿ ಇತ್ತು, ಗಾಳಿ ಸಾಲಲಿಲ್ಲ (ಲ್ಯಾಬ್ ಚರಿತ್ರೆ, ಭಾಗ 3)

ಕಳೆದ ಸೆಮ್‌ನಲ್ಲಿ ನಮ್ಮ ಜೆಲ್‌ ಮೇಲೆ ಬ್ಯಾಂಡೇ ಬರಲಿಲ್ಲ, ನೆನಪಿದ್ಯಾ? ನಾವೆಲ್ಲ ಜೀನ್ ಮೇಲೇ ಅನುಮಾನ ಪಟ್ವಿ. ಫ್ಲಾಸ್ಕ್ ಕಡೆ ಒಬ್ರೂ ನೋಡ್ಲಿಲ್ಲ.

ತಪ್ಪು ನಮ್ಮೊಬ್ಬರದೇ ಅಲ್ಲ ಬಿಡಿ. ಪಠ್ಯಪುಸ್ತಕವೂ ಹಾಗೇ ಕಥೆ ಹೇಳುತ್ತೆ: 1978ರಲ್ಲಿ ಇ. ಕೋಲಿಯಿಂದ ಮನುಷ್ಯನ ಇನ್ಸುಲಿನ್, 1982ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಅನುಮತಿ, ಶುಭಂ. ಆ ಬ್ಯಾಕ್ಟೀರಿಯಾನ ಬೆಳೆಸಿದ್ದು ಹೇಗೆ ಅಂತ ಒಂದು ಸಾಲೂ ಇರಲ್ಲ.

ಶೇಕರ್ ಮೇಲೆ ಫ್ಲಾಸ್ಕ್ ಗರಗರ ತಿರುಗೋದು ಮುಖ್ಯವಾಗಿ ಗಾಳಿಗೋಸ್ಕರ. 37 ಡಿಗ್ರಿಯಲ್ಲಿ ಒಂದು ಲೀಟರ್ ನೀರಿಗೆ ಗಾಳಿಯಿಂದ ಕರಗಿ ಬರೋ ಆಮ್ಲಜನಕ ಸುಮಾರು 7 ಮಿಲಿಗ್ರಾಂ ಅಷ್ಟೇ. ಇ. ಕೋಲಿ ಒಳ್ಳೇ ಊಟ ಸಿಕ್ಕರೆ 20 ನಿಮಿಷಕ್ಕೆ ದುಪ್ಪಟ್ಟಾಗುತ್ತೆ. ಸ್ವಲ್ಪ ಹೊತ್ತಲ್ಲೇ ಉಸಿರು ಕಟ್ಟುತ್ತೆ, ಅಸಿಟೇಟ್ ಉಗುಳುತ್ತೆ, ದ್ರವ ಹುಳಿಯಾಗುತ್ತೆ, ಬೆಳವಣಿಗೆ ನಿಲ್ಲುತ್ತೆ. ದೊಡ್ಡ ಫರ್ಮೆಂಟರ್‌ನಲ್ಲಿ ಗಾಳಿ, ಪಿಎಚ್, ಆಹಾರ ಎಲ್ಲಾ ಹಿಡಿತದಲ್ಲಿರುತ್ತೆ. ಆದ್ರೆ ಒಂದು ಸಲಕ್ಕೆ ಒಂದೇ ಪ್ರಯೋಗ.

2000ದ ಹೊತ್ತಿಗೆ ಜೀನೋಮ್‌ಗಳು ರಾಶಿ ಬಿದ್ದವು. ಕ್ಯಾಲಿಫೋರ್ನಿಯಾದ ಒಂದು ತಂಡ ಥರ್ಮೊಟೋಗಾ ಮ್ಯಾರಿಟಿಮಾ ಅನ್ನೋ ಬ್ಯಾಕ್ಟೀರಿಯಾದ 1,877 ಜೀನ್‌ಗಳನ್ನೂ ಹಿಡಿದು ಕೂತಿತು. ಒಂದೊಂದೇ ಮಾಡ್ತಾ ಕೂತ್ರೆ ಮುಗಿಯುತ್ತಾ? ಅವರು 96 ಟ್ಯೂಬ್‌ಗಳನ್ನ ಒಟ್ಟಿಗೆ ನಿಲ್ಲಿಸಿ ಪ್ರತಿಯೊಂದಕ್ಕೂ ಗಾಳಿ, ಆಮ್ಲಜನಕ ಊದೋ ಯಂತ್ರ ಕಟ್ಟಿದ್ರು.

ಆದ್ರೆ ಎಲ್ಲಾ ಕಲ್ಚರ್ ಒಂದೇ ವೇಗದಲ್ಲಿ ಬೆಳೆಯಲ್ಲ. ಯಾವ ಟ್ಯೂಬಿಗೆ ಯಾವಾಗ ಐಪಿಟಿಜಿ ಹಾಕೋದು?

ಇಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಬರುತ್ತೆ. ನಾವು ಬಳಸೋ ಟಿ7 ವ್ಯವಸ್ಥೆ ಕಟ್ಟಿದವರಲ್ಲಿ ಒಬ್ಬರಾದ ವಿಲಿಯಂ ಸ್ಟಡಿಯರ್, ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ಲ್ಯಾಬ್‌ನವರು, ಒಂದು ವಿಚಿತ್ರ ನೋಡಿದ್ರು. ಏನೂ ಹಾಕದೇನೇ ಕೆಲವು ಕಲ್ಚರ್‌ಗಳು ಪ್ರೋಟೀನ್ ಮಾಡ್ತಿದ್ದವು! ಬೇರೆಯವರಾಗಿದ್ರೆ ಚೆಲ್ಲಿಬಿಡ್ತಿದ್ರೇನೋ. ಇವರು ಹುಡುಕಿದ್ರು. ಮೀಡಿಯಾದ ಪುಡಿ ಹಾಲಿನ ಕೇಸಿನ್‌ನಿಂದ ಮಾಡಿದ್ದು, ಅದರಲ್ಲಿ ಚೂರು ಲ್ಯಾಕ್ಟೋಸ್ ಉಳಿದಿತ್ತು. ಕಳ್ಳ ಸಿಕ್ಕ! ಅದನ್ನೇ ಕೆಲಸಕ್ಕೆ ಹಚ್ಚಿದ್ರು: ಮೀಡಿಯಾಗೆ ಗ್ಲೂಕೋಸ್, ಗ್ಲಿಸರಾಲ್, ಲ್ಯಾಕ್ಟೋಸ್ ಅಳೆದು ಹಾಕೋದು. ಗ್ಲೂಕೋಸ್ ಮುಗಿಯೋ ತನಕ ಲ್ಯಾಕ್ಟೋಸ್ ಕಾಯುತ್ತೆ, ಆಮೇಲೆ ಪ್ರತಿ ಕಲ್ಚರ್ ತನ್ನ ಹೊತ್ತಿಗೆ ತಾನೇ ಸ್ವಿಚ್ ಹಾಕಿಕೊಳ್ಳುತ್ತೆ. ನೀವು ಮನೆಗೆ ಹೋಗಿ ಮಲಗಬಹುದು. ಆ ಪೇಪರ್ ಬಂದಿದ್ದು 2005ರಲ್ಲಿ.

ಅದೇ ವರ್ಷ ಜರ್ಮನಿಯ ಮ್ಯೂನಿಕ್‌ನಲ್ಲಿ ವೊಯ್‌ಸ್ಟರ್-ಬೋಟ್ಸ್ ತಂಡ ಗಾಳಿಯ ಸಮಸ್ಯೆಗೆ ತಮ್ಮ ಉತ್ತರ ಪ್ರಕಟಿಸಿತು. ಸುಮಾರು 10 ಮಿಲಿಲೀಟರ್‌ನ 48 ಪುಟ್ಟ ರಿಯಾಕ್ಟರ್‌ಗಳು, ಸಾಲಾಗಿ, ಒಟ್ಟಿಗೆ. ಆಯಸ್ಕಾಂತದಿಂದ ತಿರುಗೋ ಕಡೆಗೋಲು ತಾನೇ ಮೇಲಿನ ಗಾಳಿಯನ್ನ ದ್ರವದೊಳಗೆ ಎಳಕೊಳ್ಳುತ್ತೆ. ಇದು ಯಾಕೆ ದೊಡ್ಡ ವಿಷಯ ಅಂದ್ರೆ, ಉಸಿರು ಕಟ್ಟಿದ ಫ್ಲಾಸ್ಕಿನಲ್ಲಿ ಗೆದ್ದ ಕ್ಲೋನ್, ಗಾಳಿ ತುಂಬಿದ ದೊಡ್ಡ ಟ್ಯಾಂಕಿನಲ್ಲಿ ಸೋಲಬಹುದು. ಸೋತಿದ್ದು ಅಂತ ನಾವು ಎಸೆದ ಕ್ಲೋನೇ ಒಳ್ಳೇದಿರಬಹುದು.

ನಮ್ಮ ಫ್ಲಾಸ್ಕ್ ಅವತ್ತು ಅರ್ಧಕ್ಕಿಂತ ಜಾಸ್ತಿ ತುಂಬಿತ್ತು. ಫೋಟೋ ಕೊನೇ ಸ್ಲೈಡಲ್ಲಿದೆ, ನೋಡಿ.