ಡಬ್ಬಿ, ಚಾಕು ಮತ್ತು ಡಾಂಗ್‌ನ ಕೊಯ್ತಾ

ಮಳೆ ಹಿಡಿದ ಮೇಲೆ ಅಹಮದಾಬಾದ್, ವಡೋದರಾ, ಸೂರತ್‌ಗಳಿಂದ ಗುಜರಾತಿನ ಡಾಂಗ್ ಕಾಡಿಗೆ ಚಾರಣ ಹೊರಡುವ ಹುಡುಗರ ಚೀಲಗಳಲ್ಲಿ ದಪ್ಪ ಅಲಗಿನ ಚಾಕು ಮತ್ತು ಜೇಬಿನಲ್ಲಿ ಹಿಡಿಸುವ ‘ಸರ್ವೈವಲ್ ಕಿಟ್’ ಈಗ ಹೆಚ್ಚೆಚ್ಚು ಕಾಣಸಿಗುತ್ತವೆ. ಡಬ್ಬಿಯೊಳಗೆ ಮೀನಿನ ಗಾಳ, ಉರುಳಿನ ತಂತಿ, ತಂತಿಗರಗಸ, ಕಿಡಿ ಹಾರಿಸುವ ಕಡ್ಡಿ ಇರುತ್ತವೆ. 2019ರಲ್ಲಿ ಪ್ರಧಾನಿ ಕಾರ್ಬೆಟ್ ಉದ್ಯಾನದಲ್ಲೂ 2020ರಲ್ಲಿ ರಜನೀಕಾಂತ್ ಬಂಡೀಪುರದಲ್ಲೂ ಬೇರ್ ಗ್ರಿಲ್ಸ್ ಜೊತೆ ಟಿ.ವಿ.ಯಲ್ಲಿ ಕಾಣಿಸಿಕೊಂಡ ಮೇಲಂತೂ ಕಾಡೆಂದರೆ ಸೆಣಸಿ ಗೆಲ್ಲಬೇಕಾದ ಎದುರಾಳಿ ಎಂಬ ಭಾವನೆ ಊರಿಕೊಂಡಿದೆ. ಕಾಡಿನಲ್ಲಿ ಬದುಕುಳಿಯುವ ವಿದ್ಯೆ ಬೆಳೆದು ಬಂದ ದಾರಿ ನೋಡಿದರೆ ಆ ಭಾವನೆಗೆ ಆಧಾರ ಸಿಗುವುದಿಲ್ಲ.

‘ನೆಸ್ಮಕ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅಮೆರಿಕದ ಜಾರ್ಜ್ ಸಿಯರ್ಸ್ 1884ರಲ್ಲಿ, ಹೊರೇಸ್ ಕೆಫಾರ್ಟ್ 1906ರಲ್ಲಿ ಕಾಡುವಾಸದ ಕೈಪಿಡಿಗಳನ್ನು ತಂದರು. 1908ರಲ್ಲಿ ಬೇಡನ್-ಪೊವೆಲ್ ಸ್ಕೌಟ್ ಪುಸ್ತಕ ಬರೆದ. ಅವರು ಶಿಬಿರ ಹೂಡಲು ಹೋಗುವವರಿಗಾಗಿ ಬರೆದವರು. ಡಬ್ಬಿಯ ಕಲ್ಪನೆ ಗಟ್ಟಿಯಾದದ್ದು ಎರಡನೇ ಮಹಾಯುದ್ಧದಲ್ಲಿ. ಶತ್ರುನೆಲದಲ್ಲಿ ಬೀಳುವ ವೈಮಾನಿಕರಿಗಾಗಿ ಬ್ರಿಟನ್ನಿನ ಕ್ರಿಸ್ಟೊಫರ್ ಕ್ಲೇಟನ್ ಹಟನ್ ರೇಷ್ಮೆ ನಕ್ಷೆ, ಅಂಗಿಯ ಗುಂಡಿಯಲ್ಲಿ ಅಡಗುವ ದಿಕ್ಸೂಚಿ ಮಾಡಿಸಿದ. ಇತ್ತ ಛಿಂದ್ವಾಡಾದಲ್ಲಿ ವಯಸ್ಸಾಗಿದ್ದ ಜಿಮ್ ಕಾರ್ಬೆಟ್ ಸೈನಿಕರಿಗೆ ಕಾಡಿನ ಪಾಠ ಹೇಳುತ್ತಿದ್ದರು. ಬ್ರಿಟಿಷ್ ಎಸ್‌ಎಎಸ್ ಪಡೆಯ ಜಾನ್ ವೈಸ್‌ಮನ್ 1986ರಲ್ಲಿ ಬರೆದ ಕೈಪಿಡಿ ತಂಬಾಕಿನ ಡಬ್ಬಿಯಷ್ಟು ಜಾಗದಲ್ಲಿ ಸೂಜಿ, ಮೇಣದಬತ್ತಿ, ಗಾಳ, ಉರುಳು ಎಲ್ಲವನ್ನೂ ಜೋಡಿಸಿ ತೋರಿಸಿತು. ಇಂದು ಅಂಗಡಿಯಲ್ಲಿ ಸಿಗುವ ಕಿಟ್‌ಗಳೆಲ್ಲ ಹೆಚ್ಚುಕಡಿಮೆ ಅದರ ಸಂತಾನವೇ.

ಆ ಡಬ್ಬಿ ಸೈನಿಕನದು ಎಂಬುದನ್ನು ಮಾತ್ರ ಮರೆಯಲಾಗಿದೆ. ಶತ್ರುವಿನ ಬೆನ್ನಹಿಂದೆ ವಾರಗಟ್ಟಲೆ ಅಡಗಿರಬೇಕಾದವನಿಗೆ ಮೀನು, ಮೊಲ ಹಿಡಿಯುವ ಉಪಾಯ ಬೇಕು. ಯಾರ ಕಣ್ಣಿಗೂ ಬೀಳಬಾರದು. ದಾರಿ ತಪ್ಪಿದ ಚಾರಣಿಗನನ್ನು ಊರವರು, ಅರಣ್ಯ ಸಿಬ್ಬಂದಿ ಹುಡುಕುತ್ತಿರುತ್ತಾರೆ. ಅವನು ಬೇಗ ಕಣ್ಣಿಗೆ ಬೀಳಬೇಕು. ಮನುಷ್ಯ ಅನ್ನವಿಲ್ಲದೆ ವಾರಗಳನ್ನು ಕಳೆದಾನು, ನೀರಿಲ್ಲದೆ ಮೂರು ದಿನ ಕಷ್ಟ. ಡಾಂಗ್‌ನ ಬೇಸಿಗೆಯಲ್ಲಿ ಅಷ್ಟೂ ಇಲ್ಲ.

ಗುಜರಾತಿನಲ್ಲಿ ಕಾಡಿನ ತಿಳಿವಳಿಕೆ ಬೇರೆ ದಾರಿಯಲ್ಲಿ ಬೆಳೆಯಿತು. ಪೋರಬಂದರಿನ ಜಯಕೃಷ್ಣ ಇಂದ್ರಜಿ ಬರಡಾ ಬೆಟ್ಟದ ಸಸ್ಯಗಳ ಬಗ್ಗೆ 1910ರಲ್ಲಿ ಗುಜರಾತಿಯಲ್ಲೇ ಬೃಹತ್ ಗ್ರಂಥ ತಂದರು. ಸೂರತ್‌ನ ಆಯುರ್ವೇದ ಕಾಲೇಜಿನಲ್ಲಿದ್ದ ಬಾಪಾಲಾಲ್ ವೈದ್ಯರು ‘ನಿಘಂಟು ಆದರ್ಶ’ ಬರೆದರು. 1978ರಲ್ಲಿ ಜಿ.ಎಲ್. ಶಾ ಇಡೀ ರಾಜ್ಯದ ಸಸ್ಯಸಂಪತ್ತನ್ನು ದಾಖಲಿಸಿದರು. ಹೆಸರು, ಲಕ್ಷಣ, ಔಷಧಗುಣ ಎಲ್ಲ ದಾಖಲಾದವು. ಯಾವ ಮರದ ಒಣಚಕ್ಕೆ ಮಳೆಯಲ್ಲೂ ಹೊತ್ತುತ್ತದೆ, ಯಾವ ನಾರು ಹಗ್ಗವಾಗುತ್ತದೆ ಎಂಬ ಕೈಗೆಲಸದ ಪಾಠ ಈ ಪರಂಪರೆಗೆ ಮುಖ್ಯ ಅನ್ನಿಸಲಿಲ್ಲ.

ಪುಸ್ತಕದಾಚೆ ಕಾಡಿನಲ್ಲೇ ಇದ್ದು ಕಲಿಯುವುದು ಮುಖ್ಯ ಅನ್ನಿಸಿದ್ದು ಲವಕುಮಾರ್ ಖಾಚರ್ ಅವರಿಗೆ. ಜಸ್ದಣ್ ರಾಜಮನೆತನದಲ್ಲಿ ಹುಟ್ಟಿದ ಈ ಪಕ್ಷಿಪ್ರೇಮಿ ರಾಜ್‌ಕೋಟಿನಲ್ಲಿ ಮೇಷ್ಟರಾಗಿದ್ದು, ಮಕ್ಕಳನ್ನು ಹಿಮಾಲಯಕ್ಕೂ ಪಿರೋಟನ್ ದ್ವೀಪದ ಹವಳದ ದಂಡೆಗೂ ಕರೆದೊಯ್ದರು. ಅವರ ಪ್ರಭಾವದಲ್ಲಿ ಬೆಳೆದ ಹಿಂಗೋಲ್‌ಗಢ 1980ರಲ್ಲಿ ಪ್ರಕೃತಿ ಶಿಕ್ಷಣಕ್ಕೆಂದೇ ಮೀಸಲಾದ ಅಭಯಾರಣ್ಯವಾಯಿತು. ಗಾಂಧಿನಗರದ ಗೀರ್ ಪ್ರತಿಷ್ಠಾನ ಅಲ್ಲಿ ಶಿಬಿರಗಳನ್ನು ನಡೆಸಿಕೊಂಡು ಬಂದಿದೆ. 1984ರಲ್ಲಿ ಅಹಮದಾಬಾದಿನಲ್ಲಿ ಪರಿಸರ ಶಿಕ್ಷಣ ಕೇಂದ್ರ ಶುರುವಾಯಿತು. ಈ ತಲೆಮಾರಿನ ಶಿಬಿರಗಳಲ್ಲಿ ಬೇಟೆಯ ಮಾತೇ ಇರಲಿಲ್ಲ. ಸುಮ್ಮನೆ ಕೂರುವುದು, ನೋಡುವುದು, ಹೊರೆ ಕಡಿಮೆ ಮಾಡಿಕೊಂಡು ನಡೆಯುವುದು, ನೀರಿನ ಜಾಡು ಗುರುತಿಸುವುದು ಇವೇ ಪಾಠ. ದಾರಿ ತಪ್ಪಿದಾಗ ಓಡದೆ ಇದ್ದಲ್ಲೇ ಇರಬೇಕೆಂಬ ಸಂಯಮ ಹೀಗೆ ಕಲಿತವರಿಗೆ ತಾನಾಗಿ ಬರುತ್ತದೆ. ಚಾಕು ಅದನ್ನು ಕೊಡಲಾರದು. 2015ರಲ್ಲಿ ಲವಕುಮಾರ್ ತೀರಿಕೊಂಡರು. ಗುಜರಾತಿನ ಹೊರಗೆ ಅವರ ಹೆಸರು ಇಷ್ಟು ಕಡಿಮೆ ಕೇಳಿಬರುವುದು ಅನ್ಯಾಯ.

ಇನ್ನು ಕೈಗೆಲಸದ ನಿಜವಾದ ಶಾಲೆ ಇರುವುದು ಆಹ್ವಾ, ವಘಾಯಿ, ಮಹಾಲ್ ಸುತ್ತಿನ ಹಳ್ಳಿಗಳಲ್ಲಿ. ಅಲ್ಲಿನವರ ಕೈಯಲ್ಲಿರುವುದು ಕೊಯ್ತಾ, ನಮ್ಮ ಮಲೆನಾಡಿನ ಕತ್ತಿಯ ಹಾಗೆ ಭಾರದಿಂದಲೇ ಕಡಿಯುವ ಅಲಗು. ಸಣ್ಣ ಚಾಕು ಇದ್ದವರು ಅದನ್ನು ಬಿದಿರಿನ ತಲೆಯ ಮೇಲಿಟ್ಟು, ಬೆನ್ನಿಗೆ ಮರದ ತುಂಡಿನಿಂದ ಬಡಿದು ಸೀಳಬೇಕಾಗುತ್ತದೆ. ಮಳೆಯಲ್ಲಿ ನೆಲಕ್ಕೆ ಬಿದ್ದ ಸೌದೆ ನೆಂದಿದ್ದರೂ ನಿಂತಲ್ಲೇ ಒಣಗಿದ ಬಿದಿರಿನ ಒಳಗೆ ತೇವ ಇಳಿದಿರುವುದಿಲ್ಲ. ಸೀಳಿ, ಒಳಮೈ ಹೆರೆದರೆ ಕಿಡಿ ಹಿಡಿಯುವ ಹೊಟ್ಟು ಸಿಗುತ್ತದೆ. ಹಸಿ ಬಿದಿರಿನ ಒಂದು ಗಿಣ್ಣಿನ ಕೊಳವೆಯಲ್ಲಿ ನೀರು ಕುದಿಸಬಹುದು. ಎರಡೂ ಬದಿ ಮುಚ್ಚಿದ ಗಿಣ್ಣನ್ನು ಬೆಂಕಿಗಿಟ್ಟರೆ ಸಿಡಿಯುತ್ತದೆ. ಚಕಮಕಿ ಕಲ್ಲು, ಉಕ್ಕಿನ ತುಂಡು, ಬೂರುಗದ ಅರಳೆ ಇದ್ದರೆ ಬೆಂಕಿಪೆಟ್ಟಿಗೆ ಬೇಕಿಲ್ಲವೆಂಬುದು ಭಿಲ್ಲರಿಗೆ ಹಳೆಯ ಮಾತು. ಬಿದಿರಿನಲ್ಲೇ ಬದುಕು ಕಟ್ಟಿಕೊಂಡ ಕೋಟ್ವಾಲಿಯಾ ಜನ ಸೀಳಿದ ಎಳೆಯಿಂದ ಬುಟ್ಟಿ, ಚಾಪೆ, ತಡಿಕೆ ಹೆಣೆಯುವ ವೇಗ ಯಾವ ಕೈಪಿಡಿಗೂ ಸಿಕ್ಕಿಲ್ಲ.

ಇದರ ಮೇಲೆ ಕಾನೂನು ಇದೆ. ಫ್ಯಾಷನ್ ಅದನ್ನು ಗಮನಿಸಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಆಯುಧ’ ಎಂದು ಹೆಸರಿಸಿದ ವಸ್ತುಗಳಲ್ಲಿ ಗಾಳ, ಚಾಕು, ಉರುಳು ಮೂರೂ ಇವೆ. ಲಿಖಿತ ಅನುಮತಿಯಿಲ್ಲದೆ ಆಯುಧ ಹಿಡಿದು ಅಭಯಾರಣ್ಯ ಹೊಗುವಂತಿಲ್ಲ ಎನ್ನುತ್ತದೆ 31ನೆಯ ಕಲಮು. ಡಾಂಗ್‌ನ ಪೂರ್ಣಾ, ವಡೋದರಾಕ್ಕೆ ಹತ್ತಿರದ ಜಂಬುಘೋಡಾ, ನರ್ಮದಾ ಜಿಲ್ಲೆಯ ಶೂಲ್ಪಾಣೇಶ್ವರ ಮೂರೂ ಅಭಯಾರಣ್ಯಗಳೇ. ಅಂದರೆ ವೈಸ್‌ಮನ್‌ನ ಡಬ್ಬಿ ಅಲ್ಲಿನ ಗೇಟಿನಲ್ಲೇ ಅಪರಾಧ. ಹಳೆಯ ಕಿಟ್‌ನ ಬ್ಲೇಡಿನಿಂದ ಹಾವಿನ ಕಡಿತ ಕೊಯ್ದು ರಕ್ತ ಹೀರುವ ಪಾಠವನ್ನು ವೈದ್ಯರು ಕೈಬಿಟ್ಟು ಎಷ್ಟೋ ಕಾಲವಾಯಿತು. ಕಡಿತವಾದ ಕೈಕಾಲು ಅಲುಗದಂತಿಟ್ಟು, ಪ್ರತಿವಿಷ ಇರುವ ಆಸ್ಪತ್ರೆಗೆ ಬೇಗ ಮುಟ್ಟಿಸುವುದೇ ದಾರಿ.

ಹಾಗಾದರೆ ಡಬ್ಬಿಯಲ್ಲಿ ಏನಿರಬೇಕು? ಕ್ಲೋರಿನ್ ಗುಳಿಗೆ, ಓಆರ್‌ಎಸ್ ಪೊಟ್ಟಣ, ಸೀಟಿ, ಪುಟ್ಟ ಟಾರ್ಚು, ಮಡಿಸಿದ ಪ್ಲಾಸ್ಟಿಕ್ ಹಾಳೆ, ಅಗಲ ಬ್ಯಾಂಡೇಜು. ನಿಮಿಷಕ್ಕೆ ಆರು ಬಾರಿ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಬೆಟ್ಟಗಳಲ್ಲಿ ಒಪ್ಪಿತವಾದ ಸಂಕಟದ ಕರೆ. 2006ರ ಆಗಸ್ಟ್‌ನಲ್ಲಿ ಉಕಾಯಿ ಅಣೆಕಟ್ಟಿನ ನೀರು ಹರಿದು ಸೂರತ್ ಮುಳುಗಿದಾಗ, 2024ರಲ್ಲಿ ವಿಶ್ವಾಮಿತ್ರಿ ಉಕ್ಕಿ ವಡೋದರಾದ ಬೀದಿಗಳಿಗೆ ಮೊಸಳೆಗಳು ಬಂದಾಗ, ಮಹಡಿಗಳ ಮೇಲೆ ಸಿಕ್ಕಿಬಿದ್ದವರಿಗೆ ಬೇಕಾಗಿದ್ದವೂ ಇವೇ. ಆದರೂ ಈ ವಿದ್ಯೆಯನ್ನು ನಗರಗಳು ಇನ್ನೂ ಕಾಡಿನ ಸಾಹಸವೆಂದೇ ನೋಡುತ್ತವೆ.

ದೊಡ್ಡ ಕೊರತೆ ಇನ್ನೊಂದಿದೆ. ಮಳೆಗಾಲ ಮುಗಿದೊಡನೆ ಡಾಂಗ್‌ನ ಕುಟುಂಬಗಳು ಬಾರ್ಡೋಲಿ ಸುತ್ತಿನ ಕಬ್ಬಿನ ಗದ್ದೆಗಳಿಗೆ ಕೂಲಿಗೆ ಇಳಿಯುತ್ತವೆ. ಅಲ್ಲಿ ಕಬ್ಬು ಕಡಿಯುವ ಕೂಲಿ ತಂಡಕ್ಕೂ ಕೊಯ್ತಾ ಎಂದೇ ಹೆಸರು. ಸೂರತ್ ಸೀಮೆಯ ಕೂಲಿಕಾರರ ಬಗ್ಗೆ ದಶಕಗಳ ಕಾಲ ಅಧ್ಯಯನ ಮಾಡಿದ ಯಾನ್ ಬ್ರೆಮನ್ ಇದನ್ನು ವಿವರವಾಗಿ ಬರೆದಿದ್ದಾರೆ. ಬಿದಿರು ಸೀಳುವುದನ್ನು ಮಕ್ಕಳಿಗೆ ಹೇಳಿಕೊಡಬೇಕಾದ ತಿಂಗಳುಗಳನ್ನು ಹಿರಿಯರು ಗದ್ದೆಯಲ್ಲಿ ಕಳೆಯುತ್ತಾರೆ. ಮಹಾಲ್ ಮತ್ತು ಕಿಲಾಡ್‌ಗಳಲ್ಲಿ ಅರಣ್ಯ ಇಲಾಖೆಯ ಶಿಬಿರತಾಣಗಳಿವೆ, ನಗರದ ತಂಡಗಳು ಅಲ್ಲಿಗೇ ಬರುತ್ತವೆ. ಕಬ್ಬಿನ ಹಂಗಾಮಿನ ಕೂಲಿಗೆ ಸಮನಾದ ಸಂಬಳ ಕೊಟ್ಟು ಕೋಟ್ವಾಲಿಯಾ ಮತ್ತು ಭಿಲ್ ಕುಟುಂಬಗಳ ಹಿರಿಯರನ್ನು ಆ ಶಿಬಿರಗಳಲ್ಲಿ ಶಿಕ್ಷಕರಾಗಿ ನೇಮಿಸಬೇಕು. ಅವರು ಕಲಿಸಿದ್ದನ್ನು ಚಿತ್ರಸಹಿತ ಗುಜರಾತಿಯಲ್ಲೂ ಡಾಂಗಿಯಲ್ಲೂ ಪುಸ್ತಕವಾಗಿಸುವ ಕೆಲಸ ಅಲ್ಲಿಂದಲೇ ಶುರುವಾಗಲಿ.