ಮನೆಯೊಳಗಿನ ದುಡಿಮೆಯ ಪಟ್ಟಿ: ಬ್ರಿಟನ್ನಿನ ಸ್ಥಳೀಯ ಸಂಸ್ಥೆಗಳ ಮೇಲ್ವಿಚಾರಣೆ, 1919–1939

ಎರಡು ಮಹಾಯುದ್ಧಗಳ ನಡುವಿನ ಬ್ರಿಟನ್ನಿನಲ್ಲಿ ಉಡುಪು ತಯಾರಿಸುವ ಮಾಲೀಕ ವರ್ಷಕ್ಕೆ ಎರಡು ಸಲ, ಫೆಬ್ರವರಿ 1 ಮತ್ತು ಆಗಸ್ಟ್ 1ರೊಳಗೆ, ತನ್ನ ಊರಿನ ಕೌನ್ಸಿಲ್ಲಿಗೆ ಒಂದು ಪಟ್ಟಿ ಕಳಿಸಬೇಕಿತ್ತು. ತನ್ನಲ್ಲಿಂದ ಸರಕು ಒಯ್ದು ಮನೆಯಲ್ಲಿ ಕೆಲಸ ಮಾಡಿಕೊಡುವವರ ಹೆಸರು, ವಿಳಾಸ ಅದರಲ್ಲಿರಬೇಕು. ಇದು 1901ರ ಫ್ಯಾಕ್ಟರಿ ಮತ್ತು ವರ್ಕ್‌ಶಾಪ್ ಕಾಯಿದೆಯ 107ನೇ ಕಲಮಿನ ವಿಧಿ. ಈ ದುಡಿಮೆಗಾರರಲ್ಲಿ ಹೆಂಗಸರೇ ಹೆಚ್ಚು. ಅವರ ಚರಿತ್ರೆ ಬರೆದವರು ಸಾಮಾನ್ಯವಾಗಿ ಕೂಲಿಯ ಹೋರಾಟದ ಜಾಡು ಹಿಡಿದಿದ್ದಾರೆ: 1906ರಲ್ಲಿ ಲಂಡನ್ನಿನ ಕ್ವೀನ್ಸ್ ಹಾಲಿನಲ್ಲಿ ನಡೆದ, ಪುಡಿಗಾಸಿನ ದುಡಿಮೆಯನ್ನು ಜನರ ಮುಂದಿಟ್ಟ ಪ್ರದರ್ಶನ, 1909ರ ಟ್ರೇಡ್ ಬೋರ್ಡ್ ಕಾಯಿದೆ, 1910ರಲ್ಲಿ ಮೇರಿ ಮೆಕಾರ್ಥರ್ ಮುಂದಾಳತ್ವದ ಕ್ರೇಡ್ಲಿ ಹೀತ್ ಸರಪಳಿ ಕೆಲಸಗಾರ್ತಿಯರ ಮುಷ್ಕರ. ಕೌನ್ಸಿಲ್ಲಿನ ಪಟ್ಟಿಗೆ ಆ ಕಥನದಲ್ಲಿ ಸಿಕ್ಕಿದ್ದು ಸಣ್ಣ ಜಾಗ. ಆದರೆ ಸರ್ಕಾರ ನಿಜಕ್ಕೂ ಯಾರನ್ನು ಕಾಯಲು ಹೊರಟಿತ್ತು ಎಂಬುದನ್ನು ಆ ಪಟ್ಟಿಯಷ್ಟು ನೇರವಾಗಿ ಹೇಳುವ ದಾಖಲೆ ಬೇರೊಂದಿಲ್ಲ ಎಂಬುದು ಈ ಲೇಖನದ ವಾದ.

ಮೊದಲು ಪಟ್ಟಿಯ ಓಡಾಟವನ್ನು ನೋಡೋಣ. ಮಾಲೀಕನಷ್ಟೇ ಅಲ್ಲ, ಅವನಿಂದ ಕೆಲಸ ಪಡೆದು ಇತರರಿಗೆ ಹಂಚುವ ಗುತ್ತಿಗೆದಾರರೂ ಪಟ್ಟಿ ಇಡಬೇಕಿತ್ತು. ನಾಟಿಂಗ್‌ಹ್ಯಾಮಿನ ಲೇಸಿನ ಉದ್ಯಮದಲ್ಲಿ ಇದು ಮುಖ್ಯ. ಯಂತ್ರದಿಂದ ಬಂದ ಲೇಸಿನ ಎಳೆ ಬಿಡಿಸಿ, ಅಂಚು ಕತ್ತರಿಸುವ ಕೆಲಸ ಮಧ್ಯವರ್ತಿ ಹೆಂಗಸರ ಕೈ ದಾಟಿಯೇ ಮನೆಗಳನ್ನು ಸೇರುತ್ತಿತ್ತು. ಪಟ್ಟಿಯಲ್ಲಿರುವ ವಿಳಾಸ ಬೇರೆ ಊರಿನದಾದರೆ ಆ ಊರಿನ ಕೌನ್ಸಿಲ್ಲಿಗೆ ತಿಳಿಸುವ ಹೊಣೆ ಪಟ್ಟಿ ಪಡೆದ ಕೌನ್ಸಿಲ್ಲಿನದು. ಲಂಡನ್ನಿನಲ್ಲಿ ಈ ಕಾಗದಗಳ ಓಡಾಟಕ್ಕೆ ಬಿಡುವೇ ಇರಲಿಲ್ಲ. ವ್ಯಾಪಾರದ ಮಳಿಗೆ ಲಂಡನ್ನಿನ ನಡುವಿನ ‘ಸಿಟಿ’ಯಲ್ಲಿ, ಹೊಲಿಯುವ ಕೈ ಪೂರ್ವ ಭಾಗದ ಸ್ಟೆಪ್ನಿಯಲ್ಲೋ ಬೆತ್ನಲ್ ಗ್ರೀನಿನಲ್ಲೋ. ಇಡೀ ಏರ್ಪಾಡು ನಿಂತದ್ದು ಮಾಲೀಕನ ಪ್ರಾಮಾಣಿಕತೆಯ ಮೇಲೆ. ಅವನು ಬರೆಯದ ಹೆಸರು ಕೌನ್ಸಿಲ್ಲಿನ ಕಣ್ಣಿಗೆ ಬೀಳುವ ದಾರಿ ಬಹಳ ಕಿರಿದು.

ಹೆಸರು ಸಿಕ್ಕ ಮೇಲೆ ಸ್ಯಾನಿಟರಿ ಇನ್‌ಸ್ಪೆಕ್ಟರ್ ಆ ಮನೆಯ ಬಾಗಿಲು ತಟ್ಟುತ್ತಿದ್ದರು. ಲಂಡನ್ನಿನ ಕೆಲವು ಬರೋಗಳಲ್ಲಿ ಈ ಕೆಲಸಕ್ಕೆ ಮಹಿಳಾ ಇನ್‌ಸ್ಪೆಕ್ಟರುಗಳೂ ಇದ್ದರು. ಅವರು ನೋಡಬೇಕಾದದ್ದು ಗಾಳಿ, ಬೆಳಕು, ಕೊಳಕು, ಕಿಕ್ಕಿರಿದ ಜನ, ಸೋಂಕು. ಒಂದು ಕೋಟು ಹೊಲಿದರೆ ಎಷ್ಟು ಕೊಡುತ್ತಾರೆ, ದಿನಕ್ಕೆ ಎಷ್ಟು ಗಂಟೆ ಹೊಲಿಯುತ್ತೀರಿ ಎಂದು ಕೇಳಿ ಕ್ರಮ ಕೈಗೊಳ್ಳುವ ಅಧಿಕಾರ ಅವರಿಗಿರಲಿಲ್ಲ. ಕೂಲಿಯ ವಿಚಾರ ಟ್ರೇಡ್ ಬೋರ್ಡುಗಳದು. ಅವು ನಿಗದಿ ಮಾಡಿದ ದರವನ್ನು ಜಾರಿಗೆ ತರುವವರು ಕಾರ್ಮಿಕ ಮಂತ್ರಾಲಯದ ಅಧಿಕಾರಿಗಳು. 1918ರ ಕಾಯಿದೆ ಆ ಬೋರ್ಡುಗಳ ವ್ಯಾಪ್ತಿಯನ್ನು ಹಿಗ್ಗಿಸಿದ ಮೇಲೂ ಈ ಹಂಚಿಕೆ ಬದಲಾಗಲಿಲ್ಲ. ಒಂದೇ ಕೋಣೆಯ ಗೋಡೆ ಒಬ್ಬರ ಪಾಲಿಗೆ, ಕೂಲಿ ಇನ್ನೊಬ್ಬರ ಪಾಲಿಗೆ.

1901ರ ಕಾಯಿದೆಯ 108ರಿಂದ 110ರವರೆಗಿನ ಕಲಮುಗಳನ್ನು ಸಾವಧಾನವಾಗಿ ಓದಬೇಕು. ಮನೆ ಆರೋಗ್ಯಕ್ಕೆ ಹಾನಿಕರ ಎಂದು ಕೌನ್ಸಿಲ್ ಮಾಲೀಕನಿಗೆ ನೋಟಿಸು ಕೊಟ್ಟು, ಒಂದು ತಿಂಗಳ ನಂತರವೂ ಅವನು ಅಲ್ಲಿಗೆ ಕೆಲಸ ಕೊಟ್ಟರೆ ದಂಡ. ಸ್ಕಾರ್ಲೆಟ್ ಜ್ವರವೋ ಸಿಡುಬೋ ಇರುವ ಮನೆಯಲ್ಲಿ ಉಡುಪು ಹೊಲಿಸಿದರೂ ದಂಡ. ಅಧಿಸೂಚಿತ ಸೋಂಕು ರೋಗ ಕಂಡ ಮನೆಗೆ ಕೆಲಸ ಕೊಡುವುದನ್ನೇ ಕೌನ್ಸಿಲ್ ನಿಷೇಧಿಸಬಹುದು. ತುರ್ತಾದರೆ ಆರೋಗ್ಯಾಧಿಕಾರಿಯ ಸಲಹೆಯಂತೆ ಇಬ್ಬರು ಸದಸ್ಯರು ಸಹಿ ಹಾಕಿದರೂ ಸಾಕು. ಸೋಂಕಿನ ಕಲಮುಗಳಲ್ಲಿ ಮುಖ್ಯವಾಗಿ ಕಾಣುವುದು ಆ ಉಡುಪನ್ನು ಕೊಂಡು ತೊಡುವವರ ಮೈ. ಹೊಲಿಯುವವಳು ರೋಗ ಹರಡುವ ದಾರಿಯಾಗಿ ಮಾತ್ರ ಕಾನೂನಿನೊಳಗೆ ಬರುತ್ತಾಳೆ. ದಂಡದ ಹೆದರಿಕೆಯಿರುವ ಮಾಲೀಕ ಸರಕನ್ನು ಪಕ್ಕದ ಬೀದಿಗೆ ಕೊಟ್ಟರೆ ಅವನ ವ್ಯಾಪಾರ ನಿಲ್ಲದು. ಮಗುವಿಗೆ ಜ್ವರ ಬಂದ ತಾಯಿಗೆ ಕೂಲಿಯೂ ನಿಂತುಹೋಗುತ್ತಿತ್ತು. ಇದನ್ನು ರಕ್ಷಣೆ ಎಂದು ಕರೆಯಲು ನನ್ನಿಂದಾಗದು.

ಬೇರೆ ದಾರಿ ಯಾರಿಗೂ ಹೊಳೆದಿರಲಿಲ್ಲ ಎನ್ನುವಂತಿಲ್ಲ. ಮಾರ್ಗರೆಟ್ ಮೆಕ್‌ಡೊನಾಲ್ಡ್ ಮತ್ತು ರಾಮ್ಸೆ ಮೆಕ್‌ಡೊನಾಲ್ಡ್ ದಂಪತಿ ಮೊದಲ ಮಹಾಯುದ್ಧಕ್ಕೆ ಮುಂಚೆಯೇ ಅಮೆರಿಕದ ಮ್ಯಾಸಚೂಸೆಟ್ಸ್ ಮಾದರಿಯ ಪರವಾನಗಿ ಪದ್ಧತಿಗಾಗಿ ವಾದಿಸಿದ್ದರು: ಪರವಾನಗಿ ಇಲ್ಲದ ಮನೆಗೆ ಕೆಲಸ ಕೊಡಕೂಡದು. ಕೂಲಿ ನಿಗದಿಯೇ ಮೊದಲು ಎಂದ ಕ್ಲೆಮೆಂಟಿನಾ ಬ್ಲ್ಯಾಕ್ ಮೊದಲಾದವರ ಪಕ್ಷ ಗೆದ್ದಿತು. ಗೆದ್ದದ್ದು ನ್ಯಾಯವೇ. ಪರವಾನಗಿ ಬಂದಿದ್ದರೆ ಮೊದಲು ಕೆಲಸ ಕಳೆದುಕೊಳ್ಳುತ್ತಿದ್ದವರು ಅತಿ ಬಡ ಕೋಣೆಗಳ ಹೆಂಗಸರೇ. ಆದರೆ ಆ ಗೆಲುವಿನ ಬಳಿಕ ಕೌನ್ಸಿಲ್ಲಿನ ಅಧಿಕಾರವನ್ನು ತಿದ್ದುವ ಗೋಜಿಗೆ ಸಂಸತ್ತು ಬಹುಕಾಲ ಹೋಗಲಿಲ್ಲ.

ಈ ನಡುವೆ ಸ್ಥಳೀಯ ಸಂಸ್ಥೆಗಳ ಮೇಲೆ ಹೊಸ ಹೊಣೆಗಳು ಬಿದ್ದವು: 1918ರ ತಾಯಿ-ಮಕ್ಕಳ ಕಲ್ಯಾಣ ಕಾಯಿದೆ, 1930ರ ಕೊಳೆಗೇರಿ ನಿರ್ಮೂಲನೆ, 1935ರ ಕಿಕ್ಕಿರಿದ ವಾಸದ ಅಳತೆ. ಅದೇ ಕೋಣೆಯನ್ನು ವಸತಿ ಕಾಯಿದೆಯಡಿ ನೋಡಿದರೆ ಮನೆಯೊಡೆಯನಿಂದ ದುರಸ್ತಿ ಮಾಡಿಸಬಹುದಿತ್ತು. ಕೆಲಸಗಾರ್ತಿಯ ಅನ್ನ ಕಿತ್ತುಕೊಳ್ಳದ ದಾರಿ ಅದು. ಮಾನವೀಯ ಇನ್‌ಸ್ಪೆಕ್ಟರ್ 108ನೇ ಕಲಮಿಗಿಂತ ಅದನ್ನೇ ಆರಿಸಿಕೊಳ್ಳಲು ಸಾಕಷ್ಟು ಕಾರಣವಿತ್ತು. ಆದ್ದರಿಂದ ಆರೋಗ್ಯಾಧಿಕಾರಿಯ ವಾರ್ಷಿಕ ವರದಿಯ ಕೋಷ್ಟಕದಲ್ಲಿ ಹಾನಿಕರ ಮನೆಗಳ ಎದುರು ಸೊನ್ನೆ ಕಂಡಾಗ ಆ ಬೀದಿಯ ಮನೆಗಳೆಲ್ಲ ಚೆನ್ನಾಗಿದ್ದವು ಎಂದು ಸಂಶೋಧಕರು ಓದಬಾರದು.

1936ರ ಸಾರ್ವಜನಿಕ ಆರೋಗ್ಯ ಕಾಯಿದೆ ಸೋಂಕಿನ ಮನೆಯ ನಿಷೇಧಾಧಿಕಾರವನ್ನು ಉಳಿಸಿಕೊಂಡಿತು. 1937ರ ಫ್ಯಾಕ್ಟರಿ ಕಾಯಿದೆಯ 110 ಮತ್ತು 111ನೇ ಕಲಮುಗಳು ಪಟ್ಟಿಯನ್ನೂ ಹಾನಿಕರ ಮನೆಯ ನಿಯಮವನ್ನೂ ಮುಂದುವರಿಸಿದವು. ಅದರಡಿ ಆರೋಗ್ಯಾಧಿಕಾರಿಗಳು ತುಂಬುತ್ತಿದ್ದ ಕೋಷ್ಟಕದಲ್ಲಿ ಆರು ಅಂಕಣಗಳಿದ್ದವು: ಆಗಸ್ಟ್ ಪಟ್ಟಿಯಲ್ಲಿರುವ ಕೆಲಸಗಾರರ ಸಂಖ್ಯೆ, ಪಟ್ಟಿ ಕಳಿಸದ ಪ್ರಕರಣಗಳು, ಅದಕ್ಕಾಗಿ ಹೂಡಿದ ಮೊಕದ್ದಮೆಗಳು, ಹಾನಿಕರ ಮನೆಗಳಲ್ಲಿ ನಡೆದ ಕೆಲಸ, ಕೊಟ್ಟ ನೋಟಿಸುಗಳು, ಆ ಬಗೆಗಿನ ಮೊಕದ್ದಮೆಗಳು. ಕೂಲಿಗೆ ಅಂಕಣವಿರಲಿಲ್ಲ.