ಹುಟ್ಟದವರ ಲೆಕ್ಕ

ಕ್ಷಾಮ ಮತ್ತು ಸಾಂಕ್ರಾಮಿಕ ರೋಗಗಳನ್ನು ಚರಿತ್ರೆಯು ಸತ್ತವರ ಸಂಖ್ಯೆಯಿಂದ ಅಳೆಯುತ್ತದೆ. ನಡೆಯದೆ ಹೋದ ಮದುವೆಗಳೂ ತೂಗದೆ ಉಳಿದ ತೊಟ್ಟಿಲುಗಳೂ ಆ ಚರಿತ್ರೆಗೇ ಸೇರಿದವು.

1876–78ರ ಮಹಾಕ್ಷಾಮ ಪುಣೆ, ಸೊಲ್ಲಾಪುರ, ಕಲಾದಗಿ, ಧಾರವಾಡಗಳನ್ನೂ ಮೈಸೂರು ಸಂಸ್ಥಾನವನ್ನೂ ಒಟ್ಟಿಗೆ ಬಡಿಯಿತು. 1871ರಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 41.9 ಲಕ್ಷಕ್ಕೆ ಕುಸಿಯಿತು. ಸಾವು, ವಲಸೆಗಳ ಜೊತೆಗೆ ಹುಟ್ಟದ ಮಕ್ಕಳೂ ಈ ಕೊರತೆಯಲ್ಲಿದ್ದಾರೆ. ಹಸಿದ ದೇಹ ಗರ್ಭ ಧರಿಸುವುದು ಅಪರೂಪ. ಗಂಡಸರು ಕೂಲಿ ಅರಸಿ ಊರು ಬಿಡುತ್ತಾರೆ. ಮದುವೆಯ ಖರ್ಚಿಗೆ ಕಾಳೂ ಇಲ್ಲ, ಸಾಲವೂ ಹುಟ್ಟದು. ಮಳೆ ಬಂದು ಬೆಳೆ ಕೈಸೇರಿದ ಮೇಲೆ ತಡೆದ ಮದುವೆಗಳು ನಡೆಯುತ್ತವೆ, ಜನನಗಳು ಮತ್ತೆ ಏರುತ್ತವೆ.

ಆದರೆ ಈ ಚೇತರಿಕೆ ಎಲ್ಲರ ಪಾಲಿಗೂ ಒಂದೇ ಆಗಿರಲಿಲ್ಲ. 1897ರಲ್ಲಿ ಪುಣೆಯನ್ನು ಪ್ಲೇಗ್ ಆವರಿಸಿತು. ರೋಗಿಗಳ ಸೇವೆಯಲ್ಲಿದ್ದ ಸಾವಿತ್ರಿಬಾಯಿ ಫುಲೆ ಮಾರ್ಚ್ 10ರಂದು ಅದೇ ರೋಗಕ್ಕೆ ಬಲಿಯಾದರು. 1918ರಲ್ಲಿ ಮುಂಗಾರು ಕೈಕೊಟ್ಟ ವರ್ಷವೇ ಬಂದ ಇನ್‌ಫ್ಲುಯೆಂಜಾ 20ರಿಂದ 40ರ ಹರೆಯದವರನ್ನೇ ಹೆಚ್ಚಾಗಿ ಕೊಂದಿತು, ಗರ್ಭಿಣಿಯರನ್ನಂತೂ ನಿರ್ದಯವಾಗಿ. ಇಂದಿನ ಭಾರತದ ಭೂಭಾಗದಲ್ಲಿ 1911ರಲ್ಲಿ ಸುಮಾರು 25.2 ಕೋಟಿ ಇದ್ದ ಜನ 1921ರಲ್ಲಿ 25.1 ಕೋಟಿಗೆ ಇಳಿದರು.

ಹೆಂಡತಿಯನ್ನು ಕಳೆದುಕೊಂಡವನು ಮರುಮದುವೆಯಾಗಬಹುದಿತ್ತು. ಗಂಡನನ್ನು ಕಳೆದುಕೊಂಡವಳ ಗತಿಯನ್ನು ಜಾತಿ ನಿರ್ಧರಿಸುತ್ತಿತ್ತು. ಉತ್ತರ ಕರ್ನಾಟಕದ ಅನೇಕ ದುಡಿಯುವ ಜಾತಿಗಳಲ್ಲಿ ಉಡಿಕೆಗೆ ಅವಕಾಶವಿತ್ತು. ಬ್ರಾಹ್ಮಣರ ಮನೆಗಳಲ್ಲಿ 1856ರ ವಿಧವಾ ವಿವಾಹ ಕಾಯಿದೆ ಕಾಗದದಲ್ಲೇ ಉಳಿಯಿತು. 1893ರಲ್ಲಿ ವಿಧವೆ ಗೋದುಬಾಯಿಯವರನ್ನು ವರಿಸಿದ ಧೋಂಡೋ ಕೇಶವ ಕರ್ವೆಯವರು ಬಹಿಷ್ಕಾರ ಎದುರಿಸಬೇಕಾಯಿತು. ಅವರು 1896ರಲ್ಲಿ ಪುಣೆಯಲ್ಲಿ ವಿಧವೆಯರಿಗಾಗಿ ಆಶ್ರಮ ತೆರೆದ ಮರುವರ್ಷವೇ ಪ್ಲೇಗ್ ಬಂದಿತು. ರೋಗ ಹೋದ ಮೇಲೆ ಮುಂಬೈ ಪ್ರಾಂತದ ಜನನ ಪ್ರಮಾಣ ಚೇತರಿಸಿಕೊಂಡಿರಬಹುದು. ಹದಿನೈದು ವರ್ಷದ ವಿಧವೆಯ ಬದುಕು ಚೇತರಿಸಿಕೊಳ್ಳಲಿಲ್ಲ. ಸರಾಸರಿಯೊಳಗೆ ಆಕೆ ಕಾಣುವುದಿಲ್ಲ.

ಹುಟ್ಟದವರ ಹೆಸರು ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಜನಗಣತಿಯ ವಯಸ್ಸಿನ ಕೋಷ್ಟಕದಲ್ಲಿ ಒಂದು ವಯೋಮಾನದ ಮಕ್ಕಳು ವಿರಳವಾದಾಗ, ವಿಧವೆಯರ ಸಾಲು ಉದ್ದವಾದಾಗ ಮಾತ್ರ ನಷ್ಟದ ಆಕಾರ ತಿಳಿಯುತ್ತದೆ. ಕ್ಷಾಮದ ಬಳಿಕ 1881ರಲ್ಲಿ, ಇನ್‌ಫ್ಲುಯೆಂಜಾದ ಬಳಿಕ 1921ರಲ್ಲಿ ಪರಕೀಯ ಸರ್ಕಾರವೂ ತಲೆ ಎಣಿಸಿತ್ತು. ಮಹಾರಾಷ್ಟ್ರದ ಮೊದಲ ಕೊರೋನಾ ಪ್ರಕರಣಗಳು 2020ರ ಮಾರ್ಚ್‌ನಲ್ಲಿ ಪುಣೆಯಲ್ಲೇ ಪತ್ತೆಯಾದವು. 2021ರ ಜನಗಣತಿ ಮಾತ್ರ ಆ ವರ್ಷ ನಡೆಯಲಿಲ್ಲ.